ಶಿವರಾತ್ರಿಯಿಂದ ಯುಗಾದಿಯೊಳಗೆ ಕಾವಿಗೆ ಕೂರಿಸಿ: ಮಲೆನಾಡಿನ ಹಿತ್ತಲಲ್ಲಿ ಕೋಳಿ ಸಾಕುವವರಿಗೆ

"ಹನ್ನೆರಡು ಮೊಟ್ಟೆ ಇಟ್ಟಿದ್ದೆ, ಹತ್ತು ಮರಿ ಎದ್ದಿತ್ತು. ದೀಪಾವಳಿ ಹೊತ್ತಿಗೆ ಉಳಿದಿದ್ದು ಒಂದು ಹುಂಜ ಮಾತ್ರ. ಎಲ್ಲಿ ತಪ್ಪಾಯ್ತು?" ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಪ್ರತಿ ವರ್ಷ ಹೆಚ್ಚುಕಮ್ಮಿ ಇದನ್ನೇ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಕಾವಿಗೆ ಕೂರಿಸಿದ್ದು ಯಾವ ತಿಂಗಳು? "ಬೇಸಿಗೆ ರಜೆಗೆ ಮಕ್ಕಳು ಬಂದಿದ್ರು, ಆಗ" ಅನ್ನುತ್ತಾರೆ. ಅಂದರೆ ಏಪ್ರಿಲ್ ಕೊನೆ, ಇಲ್ಲವೇ ಮೇ. ಅರ್ಧ ಕೆಲಸ ಕೆಟ್ಟಿದ್ದು ಅಲ್ಲೇ.

ನಮ್ಮ ಕಡೆ ಕೋಳಿಯ ಲೆಕ್ಕವನ್ನು ಮಳೆಯಿಂದ ಹಿಂದಕ್ಕೆ ಹಾಕಬೇಕು. ನಾಟಿ ಮರಿಗೆ ಮೈತುಂಬ ಪುಕ್ಕ ಬರಲು ಸುಮಾರು ಎರಡು ತಿಂಗಳು ಬೇಕು. ಜಡಿಮಳೆ, ಥಂಡಿ ತಡೆದುಕೊಳ್ಳುವಷ್ಟು ಗಟ್ಟಿಯಾಗಲು ಮೂರು ತಿಂಗಳು. ಮೃಗಶಿರ ಮಳೆ ಹುಟ್ಟುವುದು ಜೂನ್ 8ರ ಆಸುಪಾಸು. ಅಲ್ಲಿಂದ 90 ದಿನ ಹಿಂದೆ ಹೋದರೆ ಮಾರ್ಚ್ 10. ಮೊಟ್ಟೆ ಮರಿಯಾಗಲು 21 ದಿನ. ಹಾಗಾಗಿ ಕಾವಿಗೆ ಕೂರಿಸಬೇಕಾದ್ದು ಫೆಬ್ರವರಿ 17ರ ಹೊತ್ತಿಗೆ, ಅಂದರೆ ಶಿವರಾತ್ರಿ ಆಜುಬಾಜು. ತಡವಾಯ್ತು ಅಂದರೂ ಯುಗಾದಿ ದಾಟಿಸಬೇಡಿ. ಮೇ ತಿಂಗಳಲ್ಲಿ ಎದ್ದ ಮರಿ ಪುಕ್ಕ ಬರುವ ಮೊದಲೇ ಒದ್ದೆಯಾಗುತ್ತದೆ. ಆಮೇಲೆ ನೀವು ಏನು ಮಾಡಿದರೂ ಅಷ್ಟಕ್ಕಷ್ಟೇ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಕಾವು ಕೂರುವ ಒಂದು ನಾಟಿ ಹ್ಯಾಟೆ, ಹುಂಜದ ಜೊತೆ ಓಡಾಡಿದ ಕೋಳಿಗಳ 10-12 ಮೊಟ್ಟೆ, ಒಂದು ಅಗಲ ಬುಟ್ಟಿ, ಭತ್ತದ ಹೊಟ್ಟು, ಸುಣ್ಣ, ಬೂದಿ, ಒಂದು ಒಳ್ಳೆಯ ಟಾರ್ಚು. ಜೊತೆಗೆ ಹತ್ತಿರದ ಪಶು ಆಸ್ಪತ್ರೆಯ ಫೋನ್ ನಂಬರು.

1. ಮೊದಲು ಒಡ್ಡಿ ಸರಿ ಮಾಡಿ

ಕೋಳಿ ತರುವ ಮೊದಲು ಗೂಡು. ಇದನ್ನು ಎಷ್ಟು ಸಲ ಹೇಳಿದರೂ ಜನ ಉಲ್ಟಾ ಮಾಡುತ್ತಾರೆ.

ಹತ್ತು ಕೋಳಿಗೆ ರಾತ್ರಿ ಮಲಗಲು ಮಾತ್ರ ಆದರೆ 4 ಅಡಿ ಅಗಲ, 5 ಅಡಿ ಉದ್ದದ ಒಡ್ಡಿ ಸಾಕು. ನೆಲದಿಂದ ಎರಡು-ಮೂರು ಅಡಿ ಎತ್ತರದಲ್ಲಿರಲಿ. ಅಡಿಕೆ ದಬ್ಬೆಯಲ್ಲೇ ಕಟ್ಟಬಹುದು. ಆದರೆ ದಬ್ಬೆ ಮಧ್ಯದ ಸಂದಿಗಳಿಗೆ ಒಳಗಿನಿಂದ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹೊಡೆಯಿರಿ. ಅಂಗಡಿಯಲ್ಲಿ "ಕೋಳಿ ಬಲೆ" ಅಂತ ಕೊಡುವ ಆರು ಮೂಲೆಯ ತೆಳು ತಂತಿ ಇದೆಯಲ್ಲ, ಅದನ್ನು ನಾಯಿ ಹಲ್ಲಲ್ಲೇ ಹರಿಯುತ್ತದೆ. ದುಡ್ಡು ಉಳಿಸಲು ಹೋಗಿ ಅದನ್ನು ಹಾಕಬೇಡಿ. ಬಾಗಿಲಿಗೆ ದಾರ ಕಟ್ಟುವುದು ಬೇಡ, ಚಿಲಕ ಇರಲಿ.

ಹಳೇ ಒಡ್ಡಿಯಾದರೆ ಅದರ ಸಂದಿಗಳಲ್ಲಿ ಕೋಳಿ ಹೇನು ಅಡಗಿರುತ್ತದೆ. ಇದು ಹಗಲು ಮರದ ಬಿರುಕಿನಲ್ಲಿ ಕೂತು, ರಾತ್ರಿ ಹೊರಗೆ ಬಂದು ಕೋಳಿಯ ರಕ್ತ ಹೀರುವ ಸಣ್ಣ ಹುಳು. ಕಾವು ಕೂತ ಹ್ಯಾಟೆ ಹತ್ತನೇ ದಿನಕ್ಕೆ ಮೊಟ್ಟೆ ಬಿಟ್ಟು ಎದ್ದು ಹೋಯ್ತು ಅಂದರೆ ಎಷ್ಟೋ ಸಲ ಇದೇ ಕಾರಣ. ಪಾಪ, ಕಚ್ಚಿಸಿಕೊಂಡು ಎಷ್ಟು ದಿನ ಕೂತೀತು? ಫೆಬ್ರವರಿ ಮೊದಲ ವಾರದಲ್ಲೇ ಒಡ್ಡಿಯನ್ನು ಖಾಲಿ ಮಾಡಿ. ಸಂದಿಗಳಿಗೆ ಕುದಿಯುವ ನೀರು ಹುಯ್ಯಿರಿ, ಎರಡು ದಿನ ಬಿಸಿಲಿಗೆ ಒಣಗಿಸಿ, ಸುಣ್ಣ ಬಳಿಯಿರಿ.

ಇಲ್ಲೊಂದು ಎಚ್ಚರಿಕೆ. ಒಡ್ಡಿಗೆ ಹಾಸಲು ಕಾಡಿನಿಂದ ದರಗು, ಅಂದರೆ ಒಣ ಎಲೆ ಗುಡಿಸಿ ತರುವ ಅಭ್ಯಾಸ ನಮ್ಮಲ್ಲಿದೆ. ಈ ಕಾಲದಲ್ಲಿ ಅದು ಬೇಡವೇ ಬೇಡ. ಮಂಗನ ಕಾಯಿಲೆ ಹರಡುವ ಉಣುಗು ಮರಿಗಳು ಜನವರಿಯಿಂದ ಮೇವರೆಗೆ ಇದೇ ಒಣ ಎಲೆಗಳಲ್ಲಿ ಇರುತ್ತವೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಅದು, ಇವತ್ತಿಗೂ ಹೋಗಿಲ್ಲ. ಕೋಳಿ ಹಾಸಿಗೆಗೋಸ್ಕರ ಅಷ್ಟು ದೊಡ್ಡ ಅಪಾಯವನ್ನು ಮನೆಯೊಳಗೆ ತರುವುದೇಕೆ? ಅಕ್ಕಿ ಗಿರಣಿಯಲ್ಲಿ ಹೊಟ್ಟು ಸಿಗುತ್ತದೆ, ಎರಡು ಇಂಚು ದಪ್ಪ ಹಾಸಿ. ಅಷ್ಟೇ.

2. ಮೊಟ್ಟೆ ಆರಿಸುವುದು

ಪೇಟೆಯ ಬಿಳಿ ಮೊಟ್ಟೆ ಮರಿಯಾಗುವುದಿಲ್ಲ. ಅಲ್ಲಿ ಹುಂಜವೇ ಇರುವುದಿಲ್ಲ. ನಿಮ್ಮಲ್ಲಿ ಎಂಟು-ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಇಲ್ಲದಿದ್ದರೆ ಹುಂಜ ಇರುವ ಮನೆಯಿಂದ ಮೊಟ್ಟೆ ತನ್ನಿ.

ಇಟ್ಟು ಏಳು ದಿನದೊಳಗಿನ ಮೊಟ್ಟೆ ಮಾತ್ರ ಇರಲಿ. ತೀರಾ ದೊಡ್ಡದು, ತೀರಾ ಸಣ್ಣದು, ಬಿರುಕು ಬಿಟ್ಟಿದ್ದು ಬೇಡ. ಚೂಪು ತುದಿ ಕೆಳಗೆ ಮಾಡಿ ಹೊಟ್ಟಿನಲ್ಲೋ ಅಕ್ಕಿಯಲ್ಲೋ ತಂಪು ಜಾಗದಲ್ಲಿಡಿ. ಫ್ರಿಜ್ಜಿನಲ್ಲಿ ಇಡಬೇಡಿ. ತೊಳೆಯಲೂ ಬೇಡಿ. ಮೊಟ್ಟೆಯ ಮೇಲೆ ಕಣ್ಣಿಗೆ ಕಾಣದ ಒಂದು ತೆಳು ಪದರ ಇರುತ್ತದೆ, ನೀರು ಮುಟ್ಟಿದರೆ ಅದು ಹೋಗಿ ಒಳಗೆ ಸೋಂಕು ಸೇರುತ್ತದೆ. ಹಿಕ್ಕೆ ಹತ್ತಿದ್ದರೆ ಆ ಮೊಟ್ಟೆ ಆಮ್ಲೆಟ್ಟಿಗೆ.

3. ಕಾವಿಗೆ ಕೂರಿಸುವುದು

ಒಂದು ನಾಟಿ ಹ್ಯಾಟೆ 12-15 ಮೊಟ್ಟೆ ಇಟ್ಟಾದ ಮೇಲೆ ಗೂಡು ಬಿಟ್ಟು ಏಳುವುದಿಲ್ಲ. ಮುಟ್ಟಲು ಹೋದರೆ ಪುಕ್ಕ ಕೆದರಿ ಗುರ್ ಅನ್ನುತ್ತದೆ. ಅದೇ ಕಾವು. ಕೂಡಲೇ ಮೊಟ್ಟೆ ಇಡಬೇಡಿ. ಎರಡು ದಿನ ಒಂದೆರಡು ಹಳೇ ಮೊಟ್ಟೆ ಇಟ್ಟು ನೋಡಿ. ಮೂರನೇ ರಾತ್ರಿಯೂ ಅಲ್ಲೇ ಕೂತಿದ್ದರೆ ಕಾವು ನಿಜ.

ಗಿರಿರಾಜ, ಸ್ವರ್ಣಧಾರದಂಥ ತಳಿಗಳನ್ನು ಕಾವಿಗೆ ನೆಚ್ಚಿಕೊಳ್ಳಬೇಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿಗಳಿವು, ಮೈ ತುಂಬಿಕೊಳ್ಳುವುದಕ್ಕೂ ಮೊಟ್ಟೆಗೂ ಒಳ್ಳೆಯವು. ತಾಯಿತನ ಮಾತ್ರ ಕಮ್ಮಿ. ಅದಕ್ಕೆ ನಾಟಿ ಹ್ಯಾಟೆಯೇ ಸೈ.

ಬುಟ್ಟಿಯ ತಳಕ್ಕೆ ಎರಡು ಇಂಚು ಬೂದಿ ಬೆರೆಸಿದ ಮರಳು, ಅದರ ಮೇಲೆ ಹುಲ್ಲು, ಒಂದು ಹಿಡಿ ಲಕ್ಕಿ ಸೊಪ್ಪು. ನಮ್ಮ ಬೇಲಿಯಲ್ಲೇ ಸಿಗುವ ಸೊಪ್ಪು, ವಾಸನೆಗೆ ಹೇನು ಸ್ವಲ್ಪ ದೂರ. ಮಧ್ಯೆ ತಗ್ಗು ಮಾಡಿ, ಮೊಟ್ಟೆ ಉರುಳಿ ಹೊರಗೆ ಹೋಗಬಾರದು. ಹ್ಯಾಟೆಯನ್ನು ಹೊಸ ಬುಟ್ಟಿಗೆ ಸಾಗಿಸುವುದು ಕತ್ತಲಾದ ಮೇಲೆ. ಹಗಲು ಸಾಗಿಸಿದರೆ ಹಳೇ ಜಾಗಕ್ಕೇ ಓಡುತ್ತದೆ.

ಬುಟ್ಟಿಯಲ್ಲಿ ಇದ್ದಿಲು ಚೂರು, ಕಬ್ಬಿಣದ ಮೊಳೆ ಇಟ್ಟರೆ ಗುಡುಗಿಗೆ ಮೊಟ್ಟೆ ಕೆಡುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ಇಡಿ, ನಷ್ಟವೇನಿಲ್ಲ. ಆದರೆ ಗುಡುಗಿನ ಕಾಲದಲ್ಲಿ ಮೊಟ್ಟೆ ಕೆಡಲು ಸೆಕೆಯೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಅದಕ್ಕೂ ಮದ್ದು ಬೇಗ ಕೂರಿಸುವುದೇ.

ಹ್ಯಾಟೆ ದಿನಕ್ಕೊಮ್ಮೆ ಎದ್ದು 15-20 ನಿಮಿಷದಲ್ಲಿ ತಿಂದು, ಕುಡಿದು, ಹಿಕ್ಕೆ ಹಾಕಿ ವಾಪಸು ಬರುತ್ತದೆ. ಕಾಳು, ನೀರು ಹತ್ತಿರವೇ ಇರಲಿ, ಆದರೆ ಬುಟ್ಟಿಯೊಳಗೆ ಅಲ್ಲ. ಏಳದೇ ಹಟ ಹಿಡಿದು ಕೂತರೆ ನೀವೇ ಮೆಲ್ಲಗೆ ಎತ್ತಿ ಹೊರಗೆ ಬಿಡಿ. ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿರುತ್ತದೆ, ನೋಡಿಕೊಂಡು ಎತ್ತಿ.

ಏಳನೇ ದಿನ ರಾತ್ರಿ ಮೊಟ್ಟೆ ನೋಡಬೇಕು. ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚು ಹಿಡಿಯಿರಿ. ಜೇಡರ ಬಲೆಯಂತೆ ಕೆಂಪು ನರಗಳು ಕಂಡರೆ ಜೀವ ಇದೆ. ಪೂರ್ತಿ ತಿಳಿಯಾಗಿದ್ದರೆ ಗೊಡ್ಡು ಮೊಟ್ಟೆ. ಒಳಗೆ ರಕ್ತದ ಉಂಗುರ ಮಾತ್ರ ಕಂಡರೆ ಶುರುವಾಗಿ ಸತ್ತಿದೆ. ಈ ಎರಡನ್ನೂ ತೆಗೆದುಬಿಡಿ. ಹಾಗೇ ಬಿಟ್ಟರೆ ಕೊಳೆತು, ಒಡೆದು, ಉಳಿದವನ್ನೂ ಕೆಡಿಸುತ್ತವೆ. 14ನೇ ದಿನ ಇನ್ನೊಮ್ಮೆ ನೋಡಿ. 18ನೇ ದಿನದ ನಂತರ ಮುಟ್ಟಬೇಡಿ.

4. ಮರಿ ಏಳುವ ದಿನ

ಚಿಪ್ಪಿನಲ್ಲಿ ತೂತು ಬಿದ್ದ ಮೇಲೆ ಮರಿ ಹೊರಬರಲು ಅರ್ಧ ದಿನ, ಕೆಲವು ಸಲ ಒಂದು ದಿನವೇ ಬೇಕಾಗುತ್ತದೆ. ಮಕ್ಕಳಿಗೆ ತಡೆಯಲಾಗುವುದಿಲ್ಲ, ಚಿಪ್ಪು ಸುಲಿದು "ಸಹಾಯ" ಮಾಡಲು ಹೋಗುತ್ತಾರೆ. ಬಿಡಬೇಡಿ. ರಕ್ತನಾಳ ಒಣಗುವ ಮೊದಲೇ ಚಿಪ್ಪು ತೆಗೆದರೆ ಮರಿ ರಕ್ತ ಸೋರಿ ಸಾಯುತ್ತದೆ.

ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಉಳಿದ ಹಳದಿ ಭಾಗ ಒಂದು ದಿನದ ಮೇಲೂ ಅದನ್ನು ಸಾಕುತ್ತದೆ. ಹಾಗಾಗಿ ಕೂಡಲೇ ತಿನ್ನಿಸುವ ಅವಸರ ಬೇಡ. ಎಲ್ಲ ಎದ್ದ ಮೇಲೆ ಮೊದಲು ನೀರು, ಆಮೇಲೆ ಅಕ್ಕಿ ನುಚ್ಚು. ನೀರಿನ ತಟ್ಟೆ ಆಳ ಇರಬಾರದು, ಅದರಲ್ಲಿ ಬೆಣಚುಕಲ್ಲು ಹಾಕಿ. ಅರ್ಧ ಇಂಚು ನೀರಿನಲ್ಲೂ ಮರಿ ಮುಳುಗಿ ಸಾಯುವುದುಂಟು.

5. ಪೇಟೆಯಿಂದ ಮರಿ ತಂದರೆ

ಒಂದು ದಿನದ ಗಿರಿರಾಜ ಮರಿ ತರುವವರು ಈಗ ಜಾಸ್ತಿ. ನಿಮ್ಮ ಹ್ಯಾಟೆಯ ಮರಿ ಎದ್ದ ದಿನವೇ ತಂದರೆ ಅದೃಷ್ಟ. ಕತ್ತಲಾದ ಮೇಲೆ ಒಂದೊಂದಾಗಿ ರೆಕ್ಕೆಯಡಿ ತೂರಿಸಿ, ಬೆಳಗ್ಗೆ ಅದಕ್ಕೆ ಲೆಕ್ಕ ಗೊತ್ತಾಗುವುದಿಲ್ಲ. ಮೂರು-ನಾಲ್ಕು ದಿನ ಕಳೆದ ಮೇಲೆ ಬಿಟ್ಟರೆ ಮಾತ್ರ ಕುಕ್ಕಿ ಓಡಿಸುತ್ತದೆ.

ತಾಯಿ ಇಲ್ಲದಿದ್ದರೆ ಬಲ್ಬಿನ ಕಾವು ಕೊಡಬೇಕು. ಮೊದಲ ವಾರ ಮರಿಗಳ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಕಡಿಮೆ. ಹಳೇ ಕಾಲದ ಬಿಸಿಯಾಗುವ ಬಲ್ಬೇ ಬೇಕು, ಎಲ್‌ಇಡಿ ನಡೆಯುವುದಿಲ್ಲ. 25-30 ಮರಿಗೆ 60 ವ್ಯಾಟಿನದು ಸಾಕು. ಸುತ್ತ ರಟ್ಟಿನ ಇಲ್ಲವೇ ಅಡಿಕೆ ಹಾಳೆಯ ಬೇಲಿ ಹಾಕಿ. ಬೇಲಿ ದುಂಡಗಿರಲಿ. ಮೂಲೆ ಇದ್ದರೆ ಅಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಉಸಿರುಗಟ್ಟುತ್ತವೆ.

ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡಿ. ಬಲ್ಬಿನಡಿ ಗುಂಪಾಗಿ ಚೀರುತ್ತಿದ್ದರೆ ಥಂಡಿ. ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು ಮಲಗಿದ್ದರೆ ಸರಿ ಇದೆ. ನಮ್ಮ ಕಡೆ ಮಾರ್ಚಿನ ಹಗಲು ಎಷ್ಟೇ ಕಾದರೂ ಬೆಳಗಿನ ಜಾವ ಚಳಿಯೇ. ಕರೆಂಟು ಹೋಗುವುದೂ ಅದೇ ಹೊತ್ತಿಗೆ, ಅಲ್ವಾ? ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಮಧ್ಯೆ ಇಡಿ. ಕೆಂಡದ ಮಡಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಬೇಡಿ, ಹೊಗೆ ಕಾಣದಿದ್ದರೂ ವಿಷಗಾಳಿ ಬರುತ್ತದೆ.

ನೆಲಕ್ಕೆ ಬರೀ ಪೇಪರ್ ಹಾಸಿದರೆ ಜಾರಿ ಕಾಲು ಅಗಲವಾಗಿ ನಿಂತುಬಿಡುತ್ತವೆ. ಮೊದಲ ಎರಡು-ಮೂರು ದಿನ ಗೋಣಿ ಹಾಸಿ, ಆಮೇಲೆ ಹೊಟ್ಟು.

6. ಲಸಿಕೆ

ಹೆಚ್ಚಿನವರು ಬಿಡುವುದು ಇದನ್ನೇ. ರಾಣಿಖೇತ್ ಅಂದರೆ ನಮ್ಮವರು ಕೊಕ್ಕರೆ ರೋಗ ಅನ್ನುವುದು. ಬಿಳಿ-ಹಸಿರು ಭೇದಿ, ಏದುಸಿರು, ರೆಕ್ಕೆ ಜೋತು ಬೀಳುವುದು, ಕತ್ತು ತಿರುಚಿಕೊಳ್ಳುವುದು ಇದರ ಲಕ್ಷಣ. ವೈರಸ್ಸಿನಿಂದ ಬರುವ ರೋಗ. ಬಂದ ಮೇಲೆ ಮದ್ದಿಲ್ಲ. ಬೆಳ್ಳುಳ್ಳಿ, ಅರಿಶಿನ ಕೊಟ್ಟು ಉಳಿಯಿತು ಅಂತ ಹೇಳುವವರ ಮಾತು ನಂಬಿ ಸುಮ್ನೆ ಕೂರಬೇಡಿ.

ಮಾರ್ಚ್ 10ಕ್ಕೆ ಮರಿ ಎದ್ದಿವೆ ಅಂತ ಇಟ್ಟುಕೊಂಡರೆ ಲೆಕ್ಕ ಹೀಗೆ. ಮಾರ್ಚ್ 15-17ಕ್ಕೆ, ಅಂದರೆ 5-7ನೇ ದಿನ, ಲಸೋಟಾ ಅಥವಾ ಎಫ್1 ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಏಪ್ರಿಲ್ 7ರ ಹೊತ್ತಿಗೆ, ನಾಲ್ಕು ವಾರಕ್ಕೆ, ಲಸೋಟಾ ಮತ್ತೊಮ್ಮೆ. ಏಪ್ರಿಲ್ ಕೊನೆಗೆ, ಆರು-ಏಳು ವಾರಕ್ಕೆ, ಕೋಳಿ ಸಿಡುಬಿನದು. ಮೇ ಮೊದಲ ವಾರ, ಎಂಟು ವಾರಕ್ಕೆ, ಆರ್2ಬಿ ಎಂಬ ರಾಣಿಖೇತ್ ಚುಚ್ಚುಮದ್ದು. ಅದಕ್ಕೆ ಒಂದು ವಾರ ಮೊದಲು ಜಂತುಹುಳದ ಔಷಧಿ. ಮಳೆ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಫೆಬ್ರವರಿಯಲ್ಲೇ ಕೂರಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ತಪ್ಪುವುದು ಮೂರು ಕಡೆ. ಆರ್2ಬಿಯನ್ನು ಎಳೇ ಮರಿಗೆ ಕೊಟ್ಟುಬಿಡುತ್ತಾರೆ, ಅದು ತಡೆಯಲಾರದೆ ಸಾಯಬಹುದು. ಲಸಿಕೆಯನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತರುತ್ತಾರೆ, ಮನೆ ಮುಟ್ಟುವಷ್ಟರಲ್ಲಿ ಅದು ಬರೀ ನೀರು. ಫ್ಲಾಸ್ಕಿನಲ್ಲಿ ಐಸ್ ಹಾಕಿಕೊಂಡು ಹೋಗಿ. ಮೂರನೆಯದು, ಆಗಲೇ ಕಾಯಿಲೆ ಬಿದ್ದ ಕೋಳಿಗೆ ಹಾಕುವುದು. ಲಸಿಕೆ ಆರೋಗ್ಯವಾಗಿರುವುದಕ್ಕೆ ಮಾತ್ರ.

ಬಾಟಲಿಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ನಿಮ್ಮಲ್ಲಿರುವುದು ಹನ್ನೆರಡು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ಕೇರಿಯ ನಾಲ್ಕೈದು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಳ್ಳಿ, ತಂಪು ಹೊತ್ತಿನಲ್ಲಿ ಹಾಕಿಸಿ. ಪಕ್ಕದ ಮನೆಯ ಕೋಳಿಗೆ ಲಸಿಕೆ ಆಗದಿದ್ದರೆ ನಿಮಗೂ ನೆಮ್ಮದಿ ಇಲ್ಲ. ಶಿವಮೊಗ್ಗ ಹತ್ತಿರದವರಿಗೆ ಪಶುವೈದ್ಯಕೀಯ ಕಾಲೇಜೂ ಇದೆ. ಉಳಿದವರು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳಿಡಿ.

ಜಾತ್ರೆ ಕಾಲ ಬೇರೆ. ಶಿವಮೊಗ್ಗದ ಕೋಟೆ ಮಾರಿಕಾಂಬೆಗೆ ಎರಡು ವರ್ಷಕ್ಕೊಮ್ಮೆ, ಸಾಗರದ ಮಾರಿಕಾಂಬೆಗೆ ಮೂರು ವರ್ಷಕ್ಕೊಮ್ಮೆ, ಊರ ಮಾರಿಗಳಿಗೆ ಅವರವರ ಲೆಕ್ಕದಲ್ಲಿ ಜಾತ್ರೆ. ಹರಕೆ ಕೋಳಿಗೆ ಬೇಡಿಕೆ ಏರಿ, ಎಲ್ಲೆಲ್ಲಿಯದೋ ಕೋಳಿ ಒಂದೇ ಸಂತೆಗೆ ಬರುತ್ತವೆ. ಒಂದು ವರ್ಷ ನಾನು ಸಂತೆಯಲ್ಲಿ ಚೆಂದ ಕಂಡ ಹುಂಜ ತಂದು ನೇರ ಒಡ್ಡಿಗೆ ಬಿಟ್ಟೆ. ವಾರದಲ್ಲಿ ಒಡ್ಡಿ ಖಾಲಿ. ಈಗ ಹೊಸ ಕೋಳಿ ಯಾವುದೇ ಬರಲಿ, ಎರಡು ವಾರ ಬೇರೆ ಕಡೆ ಕಟ್ಟುತ್ತೇನೆ. ಸಂತೆಯಲ್ಲಿ ಮಾರಾಟವಾಗದೆ ವಾಪಸು ಬಂದ ನಿಮ್ಮದೇ ಕೋಳಿಗೂ ಅದೇ ಕಾನೂನು.

ಒಂದೆರಡು ದಿನದಲ್ಲಿ ಗುಂಪಾಗಿ ಸಾಯತೊಡಗಿದರೆ ಕುಯ್ದು ತಿನ್ನಬೇಡಿ, ಮಾರಬೇಡಿ, ಹೊಳೆಗೆ ಎಸೆಯಬೇಡಿ. ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಅವರು ಹೇಳಿದ ಮೇಲೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

7. ಗಿಡುಗ, ಕೀರ, ಹಾವು

ಮೊದಲ ನಾಲ್ಕು ವಾರ ಗಿಡುಗನದೇ ಕಾಟ. ಬೋಳು ಅಂಗಳಕ್ಕೆ ಮರಿ ಬಿಡಬೇಡಿ, ದಾಸವಾಳದ ಗಿಡವೋ ಕಾಫಿ ಗಿಡವೋ ಇರುವ ಕಡೆ ಬಿಡಿ. ಹಳೇ ಮೀನು ಬಲೆ ಮೇಲೆ ಕಟ್ಟಿದರೆ ಇನ್ನೂ ಒಳ್ಳೆಯದು. ಹಳೇ ಉಪಾಯವೂ ಇದೆ: ತಾಯಿಯ ಮೇಲೆ ಬುಟ್ಟಿ ಕವುಚಿ, ಅಂಚಿಗೆ ಕಲ್ಲು ಕೊಟ್ಟು ಸ್ವಲ್ಪ ಎತ್ತರಿಸಿ. ಮರಿ ಹೊರಗೆ ಮೇಯುತ್ತವೆ, ತಾಯಿ ಕೂಗಿದ ಕೂಡಲೇ ಒಳಗೆ ನುಗ್ಗುತ್ತವೆ.

ಕೀರ, ಅಂದರೆ ಮುಂಗುಸಿ, ಹಗಲೇ ಬರುತ್ತದೆ. ಕಾಡುಬೆಕ್ಕು ರಾತ್ರಿ. ಉರುಳು ಹಾಕುವುದು, ವಿಷ ಇಡುವುದು ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಇವೆಲ್ಲ ರಕ್ಷಿತ ಪ್ರಾಣಿಗಳು, ಮೇಲಾಗಿ ವಿಷ ತಿನ್ನುವುದು ಬಹುತೇಕ ನಿಮ್ಮ ನಾಯಿಯೇ. ಕತ್ತಲಾಗುವ ಮೊದಲು ಚಿಲಕ ಹಾಕಿದಿರೋ ಇಲ್ಲವೋ ಅನ್ನುವುದೇ ಇಲ್ಲಿ ಮುಖ್ಯ.

ಸೆಕೆಗಾಲದಲ್ಲಿ ಮೊಟ್ಟೆಗೆ ಹಾವು ಬರುತ್ತದೆ. ಕೇರೆ ಹಾವು ಮಾತ್ರ ಅಂತ ತಿಳಿಯಬೇಡಿ, ನಾಗರವೂ ಬರುತ್ತದೆ. ಟಾರ್ಚು ಬಿಡದೆ ಕಾವಿನ ಬುಟ್ಟಿಗೆ ಕೈ ಹಾಕಬೇಡಿ. ಹಾವು ಕಂಡರೆ ದೂರ ನಿಂತು ಹಾವು ಹಿಡಿಯುವವರನ್ನು ಕರೆಸಿ.

8. ಮೇವು, ನೀರು, ಸೆಕೆ

ಬರೀ ನುಚ್ಚಿನಲ್ಲಿ ಮರಿ ಬದುಕುತ್ತದೆ, ಬೆಳೆಯುವುದಿಲ್ಲ. ಅದಕ್ಕೆ ಪ್ರೋಟೀನ್ ಬೇಕು. ಮೊದಲ ತಿಂಗಳು ಅಂಗಡಿಯ ಸ್ಟಾರ್ಟರ್ ಮೇವು, ಅಂದರೆ ಎಳೇ ಮರಿಗೆಂದೇ ಮಾಡಿದ ಪುಡಿ, ಸ್ವಲ್ಪ ಸೇರಿಸಿ. ಇಲ್ಲವೇ ಗೆದ್ದಲು ಹಿಡಿಯಿರಿ. ಒಂದು ಹಳೇ ಮಡಕೆಗೆ ಹರಕು ಗೋಣಿ, ಹುಲ್ಲು, ಒಣ ಸಗಣಿ ತುಂಬಿ ನೀರು ಚಿಮುಕಿಸಿ. ಸಂಜೆ ಗೆದ್ದಲು ಇರುವ ಕಡೆ ಬಾಯಿ ಕೆಳಗೆ ಮಾಡಿ ಇಡಿ. ಬೆಳಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿದರೆ ಅವುಗಳ ಸಂಭ್ರಮ ನೋಡಬೇಕು! ಗೆದ್ದಲಿಗೆ ಔಷಧಿ ಹೊಡೆದ ಜಾಗದ್ದು ಮಾತ್ರ ಬೇಡ. ಕಳೆನಾಶಕ ಹೊಡೆದ ತೋಟಕ್ಕೂ ಕೋಳಿ ಬಿಡಬೇಡಿ. ಬೂಸ್ಟು ಹಿಡಿದ ಹಿಂಡಿ, ಮುಗ್ಗಿದ ಕಾಳು ಕೋಳಿಗೆ ವಿಷ.

ಮೊಟ್ಟೆ ಇಡುವ ಹ್ಯಾಟೆಗೆ ಸುಣ್ಣದ ಅಂಶ ಬೇಕು. ಮನೆಯ ಮೊಟ್ಟೆ ಚಿಪ್ಪನ್ನು ಹುರಿದು ಪುಡಿ ಮಾಡಿ ಕೊಡಿ. ಪುಡಿ ಮಾಡದೆ ಕೊಟ್ಟರೆ ತನ್ನ ಮೊಟ್ಟೆಯನ್ನೇ ಕುಕ್ಕಿ ತಿನ್ನುವ ಚಟ ಹತ್ತಬಹುದು.

ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಮಾರ್ಚ್-ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುವುದು ಸಾಮಾನ್ಯ. ತಗಡಿನ ಮಾಡಿಗೆ ಅಡಿಕೆ ಸೋಗೆ ಹೊದೆಸಿ. ನೀರನ್ನು ಮಣ್ಣಿನ ಬೋಗುಣಿಯಲ್ಲಿ ನೆರಳಲ್ಲಿಡಿ, ದಿನಕ್ಕೆ ಎರಡು ಸಲ ಬದಲಿಸಿ. ಒಂದು ಮೂಲೆಯಲ್ಲಿ ಬೂದಿ-ಮರಳಿನ ಗುಂಡಿ ಇರಲಿ, ಅದರಲ್ಲಿ ಹೊರಳಾಡಿ ಹೇನು ಕೊಡವಿಕೊಳ್ಳುತ್ತವೆ.

9. ಅಡ್ಡಮಳೆ ಶುರುವಾದಾಗ

ಏಪ್ರಿಲ್‌ನಿಂದಲೇ ಸಂಜೆ ಮಳೆ ಬರುತ್ತದೆ. ಹೊಟ್ಟು ಒದ್ದೆಯಾದರೆ ಮೂರು-ಆರು ವಾರದ ಮರಿಗಳಿಗೆ ರಕ್ತಭೇದಿ ಬರುತ್ತದೆ. ಹಿಕ್ಕೆಯಲ್ಲಿ ರಕ್ತ, ಪುಕ್ಕ ಕೆದರಿ ತೂಗುವುದು ಲಕ್ಷಣ. ಇದಕ್ಕೆ ಮದ್ದಿದೆ, ಬೇಗ ತೋರಿಸಿದರೆ ಉಳಿಯುತ್ತವೆ. ಒದ್ದೆ ಹೊಟ್ಟನ್ನು ಅಂದೇ ತೆಗೆದು ಗೊಬ್ಬರಗುಂಡಿಗೆ ಹಾಕಿ. ಹಸಿ ಕೋಳಿಗೊಬ್ಬರವನ್ನು ನೇರ ಅಡಿಕೆ ಬುಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ಕೊಳೆತ ಮೇಲೆ ಹಾಕಿ.

ಈ ಹೊತ್ತಿಗೆ ನಿಮ್ಮ ಹ್ಯಾಟೆ ಮರಿಗಳನ್ನು ಬಿಟ್ಟು ಮತ್ತೆ ಮೊಟ್ಟೆ ಇಟ್ಟು, ಮೇ ತಿಂಗಳಲ್ಲಿ ಇನ್ನೊಮ್ಮೆ ಕಾವು ಕೂರುತ್ತದೆ. ಆಸೆಯಾಗುತ್ತದೆ, ನನಗೂ ಆಗುತ್ತದೆ. ಕೂರಿಸಬೇಡಿ. ತಳದಲ್ಲಿ ಗಾಳಿಯಾಡುವ, ಹುಲ್ಲಿಲ್ಲದ ದಬ್ಬೆ ಪಂಜರದಲ್ಲಿ ಮೂರು-ನಾಲ್ಕು ದಿನ ಇಡಿ. ಬೆಳಕಿರಲಿ, ಕಾಳು-ನೀರು ಇರಲಿ. ಹೊಟ್ಟೆಯಡಿ ತಂಪಾದರೆ ಕಾವು ಇಳಿಯುತ್ತದೆ. ಮೊಟ್ಟೆ ಅಡುಗೆಮನೆಗೆ ಒಯ್ಯಿರಿ.